ಏಳು ವರ್ಷದ ಮಗುವಿಗೆ ಟೆಸ್ಟ್ ತಯಾರಿ ಅಂದರೆ ಎರಡು ವಾರ, ದಿನಕ್ಕೆ ಹದಿನೈದು ನಿಮಿಷ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹೋಮ್‌ಸ್ಕೂಲಿಂಗ್ (ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ) ಮಾಡುತ್ತಿರುವ ಕನ್ನಡದ ಅಪ್ಪ-ಅಮ್ಮಂದಿರೇ, ಟೆಸ್ಟ್ ಹತ್ತಿರ ಬಂತು ಅಂತ ಮಗುವಿನ ಮುಂದೆ ದಪ್ಪ ದಪ್ಪ ಅಭ್ಯಾಸ ಪುಸ್ತಕ ಇಡಬೇಡಿ. ಸಣ್ಣ ಮಕ್ಕಳು ಈ ಟೆಸ್ಟ್‌ಗಳಲ್ಲಿ ಅಂಕ ಕಳೆದುಕೊಳ್ಳುವುದು ಬಹಳ ಸಲ ಪಾಠ ಬಾರದೆ ಅಲ್ಲ, ಉತ್ತರ ಗುರುತಿಸುವ ರೀತಿ ಗೊತ್ತಿಲ್ಲದೆ.

ಕಾನೂನು ಕೇಳುವುದು ಇಷ್ಟೇ: 7 ವರ್ಷ ಆದ ಮೇಲೆ ವರ್ಷಕ್ಕೊಂದು ಸ್ಟ್ಯಾಂಡರ್ಡೈಸ್ಡ್ ಟೆಸ್ಟ್ (ಎಲ್ಲ ಮಕ್ಕಳಿಗೂ ಒಂದೇ ರೀತಿ ನಡೆಸಿ, ಒಂದೇ ರೀತಿ ಅಂಕ ಕೊಡುವ ಪರೀಕ್ಷೆ). ಅದರಲ್ಲಿ ಇಂಗ್ಲಿಷ್ ವ್ಯಾಕರಣ, ಓದು, ಸ್ಪೆಲ್ಲಿಂಗ್, ಗಣಿತ ಇರಬೇಕು. ಫಲಿತಾಂಶವನ್ನು ಒಂದು ವರ್ಷ ಜೋಪಾನವಾಗಿ ಇಟ್ಟಿರಬೇಕು. ಇಂತಿಷ್ಟು ಬರಲೇಬೇಕು ಅನ್ನುವ ಮಿತಿ ಇಲ್ಲ. ಪಕ್ಕದ ವರ್ಜೀನಿಯಾದಲ್ಲಿ ಟೆಸ್ಟ್ ಆರಿಸಿಕೊಂಡವರಿಗೆ ಮಿತಿ ಇದೆ: ಒಟ್ಟು ಫಲಿತಾಂಶ ನಾಲ್ಕನೇ ಸ್ಟೆನೈನ್ (ಫಲಿತಾಂಶವನ್ನು ಒಂಬತ್ತು ಮೆಟ್ಟಿಲು ಮಾಡುವ ಅಳತೆ), ಅಂದರೆ 23ನೇ ಪರ್ಸೆಂಟೈಲ್ ಮುಟ್ಟಬೇಕು, ಆಗಸ್ಟ್ 1ರೊಳಗೆ ಸಲ್ಲಿಸಬೇಕು. ಇದು ನೂರಕ್ಕೆ 23 ಅಂಕ ಅಲ್ಲ. ಅದೇ ತರಗತಿಯ ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗುವಿನ ಹಿಂದೆ ಸುಮಾರು 23 ಮಕ್ಕಳು ಇರುತ್ತಾರೆ ಅಂತ.

ಟೆಸ್ಟ್ ಆರಿಸುವುದೇ ಅರ್ಧ ತಯಾರಿ. ಗಡಿಯಾರ ಕಂಡರೆ ಗಾಬರಿಯಾಗುವ ಮಗುವಿಗೆ ಸಮಯದ ಮಿತಿ ಇಲ್ಲದ ಸ್ಟ್ಯಾನ್‌ಫರ್ಡ್ 10 ಒಳ್ಳೆಯದು. ಪೆನ್ಸಿಲ್ ಹಿಡಿದು ಕೂರಲಾರದ ಮಗುವಿಗೆ ವುಡ್‌ಕಾಕ್-ಜಾನ್ಸನ್. ತರಬೇತಿ ಪಡೆದವರು ಎದುರು ಕೂತು ಹೆಚ್ಚಿನದನ್ನು ಬಾಯಲ್ಲೇ ಕೇಳುತ್ತಾರೆ. ಐಯೊವಾ ಟೆಸ್ಟ್‌ನಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳು ಪ್ರಶ್ನೆ ಪುಸ್ತಕದಲ್ಲೇ ಗುರುತು ಹಾಕುತ್ತಾರೆ, ಎಷ್ಟೋ ಪ್ರಶ್ನೆಗಳನ್ನು ದೊಡ್ಡವರೇ ಓದಿ ಹೇಳುತ್ತಾರೆ. ಮೂರನೇ ತರಗತಿಯಲ್ಲಿ ಲೆವೆಲ್ 9ಕ್ಕೆ (ಐಯೊವಾದಲ್ಲಿ ಆ ತರಗತಿಯ ಹಂತದ ಹೆಸರು) ಬಂದಾಗ ಬೇರೆ ಉತ್ತರ ಹಾಳೆ ಕೊಡುತ್ತಾರೆ, ಜೊತೆಗೆ ಗಡಿಯಾರ. ಮಕ್ಕಳು ಎಡವುವುದು ಇಲ್ಲೇ.

ಏಳನೇ ಪ್ರಶ್ನೆ ಬಿಟ್ಟು ಎಂಟಕ್ಕೆ ಹೋದ ಮಗು ಎಂಟರ ಉತ್ತರವನ್ನು ಏಳರ ಸಾಲಲ್ಲಿ ತುಂಬುತ್ತದೆ. ಅಲ್ಲಿಂದ ಕೆಳಗೆ ಎಲ್ಲವೂ ತಪ್ಪು. ಇದನ್ನು ಹಿಡಿಯಲೆಂದೇ ಐಯೊವಾ ಹಾಳೆಯಲ್ಲಿ ಬೆಸ ಸಂಖ್ಯೆಯ ಪ್ರಶ್ನೆಗೆ ಎ, ಬಿ, ಸಿ, ಡಿ, ಸರಿ ಸಂಖ್ಯೆಯದಕ್ಕೆ ಜೆ, ಕೆ, ಎಲ್, ಎಂ ಇರುತ್ತದೆ. ‘ಕೆ’ ಅಂದುಕೊಂಡು ಬಂದು ಹಾಳೆ ನೋಡಿದರೆ ಎ-ಬಿ-ಸಿ-ಡಿ ಕಂಡಿತು ಅಂದರೆ ಸಾಲು ತಪ್ಪಿದೆ, ನಿಲ್ಲು ಅಂತ ಕಲಿಸಿ. ಸಾಲಿನ ಕೆಳಗೆ ಒಂದು ರಟ್ಟಿನ ಪಟ್ಟಿ ಇಟ್ಟು ಅಭ್ಯಾಸ ಮಾಡಿಸಿ. ನಂಬರ್ 2 (ಎಚ್‌ಬಿ) ಪೆನ್ಸಿಲ್, ಒಳ್ಳೆಯ ರಬ್ಬರ್ ಇರಲಿ. ಅರೆಬರೆ ಅಳಿಸಿದರೆ ಯಂತ್ರ ಎರಡು ಉತ್ತರ ಅಂತ ಓದಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವ ಅಗತ್ಯವಿಲ್ಲ.

ಸ್ಪೆಲ್ಲಿಂಗ್ ಬಗ್ಗೆ ಒಂದು ಮಾತು. ಮನೆಯಲ್ಲಿ ನಾವು ಡಿಕ್ಟೇಶನ್ ಕೊಡುತ್ತೇವೆ, ಟೆಸ್ಟ್‌ನಲ್ಲಿ ನಾಲ್ಕು ಪದ ಕೊಟ್ಟು ತಪ್ಪಾಗಿರುವುದನ್ನು ಹುಡುಕು ಅನ್ನುತ್ತಾರೆ. ಎರಡೂ ಬೇರೆ ಬೇರೆ ಕೆಲಸ. ಐದನೆಯ ಆಯ್ಕೆ ‘ನೋ ಮಿಸ್ಟೇಕ್ಸ್’. ತಪ್ಪು ಇದ್ದೇ ಇರುತ್ತದೆ ಅಂತ ನಂಬುವ ಮಗು ಸರಿಯಾದ ಪದವನ್ನೇ ತಪ್ಪು ಮಾಡಿಬಿಡುತ್ತದೆ. ದಿನಕ್ಕೆ ಆರು ಸಾಲು ನೀವೇ ಬರೆದು ಕೊಡಿ, ಅದರಲ್ಲಿ ಎರಡರಲ್ಲಿ ತಪ್ಪೇ ಇರದಿರಲಿ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು. ಲೀಟರ್, ಕಿಲೋ, ಸೆಂಟಿಮೀಟರ್‌ನಲ್ಲಿ ಮಾತಾಡುವ ಮನೆಯ ಮಗುವಿಗೆ ಪೈಂಟ್, ಕ್ವಾರ್ಟ್ ಕಿವಿಗೇ ಬಿದ್ದಿರುವುದಿಲ್ಲ. ಅಡುಗೆಮನೆಯಲ್ಲಿ ನೀರು ತುಂಬಿಸಿ ತೋರಿಸಿ: 2 ಕಪ್ ಒಂದು ಪೈಂಟ್, 2 ಪೈಂಟ್ ಒಂದು ಕ್ವಾರ್ಟ್, 4 ಕ್ವಾರ್ಟ್ ಒಂದು ಗ್ಯಾಲನ್. ನಾಣ್ಯಗಳನ್ನೂ ಕೈಗೆ ಕೊಡಿ. 10 ಸೆಂಟ್‌ನ ಡೈಮ್ 5 ಸೆಂಟ್‌ನ ನಿಕಲ್‌ಗಿಂತ ಚಿಕ್ಕದು, ಚಿತ್ರ ನೋಡಿ ಮಕ್ಕಳು ಮೋಸ ಹೋಗುತ್ತಾರೆ. ‘ಹೌ ಮೆನಿ ಮೋರ್’ ಅಂದರೆ ಕೂಡುವುದಲ್ಲ, ಕಳೆಯುವುದು ಅನ್ನುವುದನ್ನು ಕನ್ನಡದಲ್ಲೇ ಬಿಡಿಸಿ ಹೇಳಿ.

ಮಗುವಿಗೆ ಟೆಸ್ಟ್ ನೀವೇ ನಡೆಸುವುದಾದರೆ ಮೊದಲು ಆ ಟೆಸ್ಟ್‌ನ ಷರತ್ತು ಓದಿ, ಕೆಲವದಕ್ಕೆ ನಡೆಸುವವರಿಗೆ ಡಿಗ್ರಿ ಕೇಳುತ್ತಾರೆ. ಮಗು ನಿಮ್ಮ ಮುಖ ನೋಡಿಯೇ ಉತ್ತರ ಬದಲಿಸುತ್ತದೆ. ಅದಕ್ಕೆ ಪಕ್ಕಕ್ಕೆ ಕೂತುಕೊಳ್ಳಿ. ‘ಇವತ್ತು ಅಮ್ಮ ಸಹಾಯ ಮಾಡುವ ಹಾಗಿಲ್ಲ ಪುಟ್ಟಾ, ಗೊತ್ತಿರೋದನ್ನ ಮಾಡು’ ಅನ್ನುವುದನ್ನು ಅಭ್ಯಾಸದ ದಿನಗಳಿಂದಲೇ ರೂಢಿ ಮಾಡಿಸಿ. ನಾಲ್ಕು ವಿಭಾಗವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಬೆಳಿಗ್ಗೆ ತಿಂಡಿ ತಿಂದ ಮೇಲೆ ಒಂದೆರಡು ವಿಭಾಗ, ಸಾಕು.

ಫಲಿತಾಂಶದಲ್ಲಿ ‘ಗ್ರೇಡ್ ಇಕ್ವಿವಲೆಂಟ್’ ಅಂತ ಒಂದು ಅಂಕಿ ಇರುತ್ತದೆ. ಎರಡನೇ ತರಗತಿಯ ಮಗುವಿಗೆ 5.2 ಬಂತು ಅಂತ ಐದನೇ ತರಗತಿಯ ಗಣಿತ ಪುಸ್ತಕ ತರಿಸಬೇಡಿ. ಐದನೇ ತರಗತಿಯ ಎರಡನೇ ತಿಂಗಳಲ್ಲಿರುವ ಸಾಧಾರಣ ಮಗು ಇದೇ ಎರಡನೇ ತರಗತಿಯ ಪ್ರಶ್ನೆಗಳನ್ನು ಮಾಡಿದ್ದರೆ ಇಷ್ಟೇ ಅಂಕ ಬರುತ್ತಿತ್ತು ಅಂತ ಅದರ ಅರ್ಥ. ಆ ಮಗುವಿಗೆ ಭಿನ್ನರಾಶಿ ಬರುತ್ತದೋ ಇಲ್ಲವೋ, ಟೆಸ್ಟ್ ಕೇಳಿಯೇ ಇಲ್ಲ.