ಕಾವಿಗೆ ಕೂತ ಸೆಟ್ ಟಾಪ್ ಬಾಕ್ಸು

ಭಾನುವಾರ ಬೆಳಿಗ್ಗೆ ಆಮ್ಲೆಟ್ ಹಾಕೋಣ ಅಂತ ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲಾ ಹೆಚ್ಚಿಟ್ಕೊಂಡು ಫ್ರಿಜ್ ಬಾಗಿಲು ತೆಗೆದ್ರೆ ಮೊಟ್ಟೆ ಮೂರೇ ಇದೆ. ಶುಕ್ರವಾರ ಆರು ತಂದಿದ್ದೆ, ಎರಡು ಎಗ್ ರೈಸಿಗೆ ಹೋಯ್ತು, ಇನ್ನೊಂದು ಎಲ್ಲಿ? ಒಂದು ಮೊಟ್ಟೆಗೆ ಇಷ್ಟೊಂದಾ ಅಂತ ನಗಬೇಡಿ, ನಾಲ್ಕು ಮೊಟ್ಟೆ ಆಮ್ಲೆಟ್ಟಿಗೆ ಈರುಳ್ಳಿ ಹೆಚ್ಚಿದವನಿಗೆ ಮೂರೇ ಸಿಕ್ಕಿದ್ರೆ ಆಗೋ ಸಂಕಟ ಬೇರೆ. ಹೆಂಡ್ತಿನ ಕೇಳಿದ್ರೆ "ನಾನೇನು ಹಸೀದೇ ನುಂಗಿದ್ನಾ" ಅಂದ್ಲು. ಅಲ್ಲಿಗೆ ತನಿಖೆ ಮುಗೀತು.

ಮಧ್ಯಾಹ್ನ ಮ್ಯಾಚ್ ನೋಡೋಕೆ ರಿಮೋಟ್ ಹುಡುಕ್ತಾ ಇದ್ದಾಗ ಸಿಕ್ತು. ಸೆಟ್ ಟಾಪ್ ಬಾಕ್ಸ್ ಮೇಲೆ, ಮಗಳ ಹಳೇ ಉಲ್ಲನ್ ಕುಲಾವಿ ಒಳಗೆ, ಬೆಚ್ಚಗೆ. ಮೇಲೆ ಪೆನ್ಸಿಲಲ್ಲಿ "ಗುಡಂ" ಅಂತ ಬರೆದಿದೆ. ಗುಂಡ ಅಂತೆ ಹೆಸರು, ಸೊನ್ನೆ ಒಂದಕ್ಷರ ಮುಂದಕ್ಕೆ ಉರುಳಿದೆ ಅಷ್ಟೆ.

"ಮುಟ್ಬೇಡಿ ಪಪ್ಪಾ, ಕಾವಿಗೆ ಇಟ್ಟಿದೀನಿ" ಅಂದ್ಲು ಏಳು ವರ್ಷದವಳು. ಯೂಟ್ಯೂಬಲ್ಲಿ ನೋಡಿದಾಳೆ. 2020ರ ಲಾಕ್‌ಡೌನ್ ಟೈಮಲ್ಲಿ ಇಂಗ್ಲೆಂಡಲ್ಲಿ ಯಾರೋ ಒಬ್ಬಾಕೆ ಸೂಪರ್‌ಮಾರ್ಕೆಟ್ಟಿಂದ ಬಾತುಕೋಳಿ ಮೊಟ್ಟೆ ತಂದು ಇನ್‌ಕ್ಯುಬೇಟರಲ್ಲಿಟ್ಟು ಮೂರು ಮರಿ ಮಾಡಿಸಿದ್ಲಲ್ಲ, ಅದು. ಅದು ಬಾತು ಕಣೇ, ಅಲ್ಲಿ ಗಂಡು ಬಾತು ಹೇಗೋ ನುಸುಳಿರತ್ತೆ, ನಮ್ಮದು ಫಾರಂ ಮೊಟ್ಟೆ, ಈ ಕೋಳಿ ಹುಟ್ಟಿದಾಗಿಂದ ಹುಂಜನ ಮುಖಾನೇ ನೋಡಿರಲ್ಲ, ಮರಿ ಎಲ್ಲಿಂದ ಬರತ್ತೆ ಅಂದೆ. ದೊಡ್ಡ ಮನುಷ್ಯನ ಥರ ಹೇಳಿ ಮುಗಿಸಿದೆ ಅನ್ಕೊಂಡ್ರೆ, "ಹಾಗಿದ್ರೆ ಹುಂಜಗಳೆಲ್ಲ ಎಲ್ಲಿಗೆ ಹೋದ್ವು?" ಅಂತ ಕೇಳಿಬಿಟ್ಲು. ಮೊಟ್ಟೆ ಕೋಳಿ ಜಾತೀಲಿ ಹುಟ್ಟೋದ್ರಲ್ಲಿ ಅರ್ಧಕ್ಕರ್ಧ ಗಂಡೇ, ಅವು ಮೊಟ್ಟೆ ಇಡಲ್ಲ, ಮಾಂಸಕ್ಕೂ ಮೈ ಬರಲ್ಲ, ಅದಕ್ಕೇ ಹ್ಯಾಚರೀಲಿ ಮೊದಲನೇ ದಿನವೇ ಆರಿಸಿ ಮುಗಿಸಿಬಿಡ್ತಾರೆ. ಇದನ್ನ ಏಳು ವರ್ಷದವಳಿಗೆ ಹೇಳೋಕಾಗತ್ತಾ? "ಬೇರೆ ಊರಲ್ಲಿ ಡ್ಯೂಟಿ" ಅಂದೆ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಅವಳಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಅರಕಲಗೂಡು ಹತ್ರ ನಮ್ಮಜ್ಜಿ ಊರು. ಬೇಸಿಗೆ ರಜೆ, ನನಗೆ ಹತ್ತು, ನಮ್ಮ ಮಾವನ ಮಗನಿಗೆ ಹನ್ನೊಂದು. ಅಜ್ಜಿ ಹೇಟೆ ಕೋಳಿ ಕಾವಿಗೆ ಕೂರಿಸಿದ್ರು. ಮಂಕರಿಗೆ ಬೂದಿ, ಅದ್ರ ಮೇಲೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಒಂದು ತುಂಡು ಕಬ್ಬಿಣ, ಒಂದು ಇದ್ದಲು, ಹದಿಮೂರು ಮೊಟ್ಟೆ. ಬೆಸ ಸಂಖ್ಯೆನೇ ಆಗ್ಬೇಕು. ಅದ್ರಲ್ಲಿ ಐದು ಮೂಲೆಮನೆಯಾಕೆ ಹತ್ರ ಕೇಳಿ ತಂದಿದ್ದು, ಯಾಕಂದ್ರೆ ಅವರ ಮನೆ ಹುಂಜ ಊರಿಗೇ ಫೇಮಸ್ಸು. ನಮಗೆ ಅಂಗಡಿ ಮೊಟ್ಟೇಲಿ ಮರಿ ಬರತ್ತಾ ಇಲ್ವಾ ಅಂತ ಪಂಥ. ಪೆಟ್ಟಿಗೆ ಅಂಗಡಿಯಿಂದ ಒಂದು ಬಿಳೀ ಮೊಟ್ಟೆ ತಂದ್ವಿ, ಕೆಮ್ಮಣ್ಣು ಕಲಸಿ ತಿಕ್ಕಿ ತಿಕ್ಕಿ ನಾಟಿ ಬಣ್ಣ ತಂದ್ವಿ, ಕೋಳಿ ಮೇಯೋಕೆ ಎದ್ದು ಹೋದ ಹತ್ತು ನಿಮಿಷದಲ್ಲಿ ಒಂದನ್ನ ತೆಗೆದು ಇದನ್ನ ಇಟ್ವಿ. ತೆಗೆದಿದ್ದನ್ನ ಒಲೆ ಬೂದೀಲಿ ಸುಟ್ಟು ತಿಂದ್ವಿ. ಲೆಕ್ಕ ಹದಿಮೂರೇ, ಅಜ್ಜಿಗೆ ಡೌಟೇ ಬರ್ಲಿಲ್ಲ. (ಈಗ ಅಂಗಡಿಯವ್ರು ಫಾರಂ ಮೊಟ್ಟೆನ ಟೀ ಡಿಕಾಕ್ಷನ್ನಲ್ಲಿ ಅದ್ದಿ ನಾಟಿ ಅಂತ ಮಾರ್ತಾರಲ್ಲ, ಆ ವಿದ್ಯೆಗೆ ಮೂಲಪುರುಷರು ನಾವೇ. ಹೋದ ತಿಂಗಳು ನಾನೇ ಹದಿನೆಂಟು ರೂಪಾಯಿಗೆ ಒಂದರಂತೆ ತಂದು ಬೇಯಿಸಿದ್ರೆ ಪಾತ್ರೆ ನೀರು ಸ್ಟ್ರಾಂಗ್ ಟೀ ಥರ ಆಯ್ತು, ಏಲಕ್ಕಿ ಒಂದು ಹಾಕಿದ್ರೆ ಕುಡೀಬಹುದಿತ್ತು. ಕೇಳೋಕೆ ಹೋದ್ರೆ "ಸಾರ್ ಕೋಳಿ ಮೇವು ಹಂಗೆ" ಅಂತಾನೆ.)

ಕೋಳಿ ಪಾಪ ಎಲ್ಲಾ ಮೊಟ್ಟೆನೂ ಒಂದೇ ಥರ ಕೊಕ್ಕಲ್ಲಿ ಹೊರಳಿಸ್ತಾ ಕೂತಿತ್ತು, ನಮ್ಮದನ್ನೂ ಬಿಡದೆ. ಹತ್ತೊಂಬತ್ತನೇ ದಿನ ಅಜ್ಜಿ ಅಗಲದ ಪಾತ್ರೇಲಿ ಉಗುರುಬೆಚ್ಚಗಿನ ನೀರಿಟ್ಕೊಂಡು ಮೊಟ್ಟೆಗಳನ್ನ ಒಂದೊಂದಾಗಿ ಬಿಟ್ರು. ಒಳಗೆ ಜೀವ ಇದ್ರೆ ಮೊಟ್ಟೆ ನೀರಲ್ಲಿ ಅಲ್ಲಾಡತ್ತೆ. ನೀವು ನೋಡಿಲ್ಲ ಅಂದ್ರೆ ಹೇಳಿ ಪ್ರಯೋಜನ ಇಲ್ಲ, ಯಾರೋ ಒಳಗಿಂದ ಮೊಣಕೈಯಲ್ಲಿ ತಿವಿದ ಹಾಗೆ ಸಣ್ಣಗೆ ಕುಲುಕತ್ತೆ, ನಿಲ್ಲತ್ತೆ, ಮತ್ತೆ ಕುಲುಕತ್ತೆ. ನಮ್ಮದು ಮಾತ್ರ ಎತ್ತರಕ್ಕೆ ತೇಲಿಕೊಂಡು ಪಂಚಾಯ್ತಿ ಅಧ್ಯಕ್ಷನ ಥರ ಅಲ್ಲಾಡದೆ ಕೂತಿತ್ತು, ಸುತ್ತ ನೀರೆಲ್ಲ ಕೆಂಪಾಗ್ತಾ ಬಂತು, ಒಳಗಿಂದ ಬಿಳೀ ಚಿಪ್ಪು ಈಚೆಗೆ ಬಂತು.

ಅಜ್ಜಿ ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ "ನೋಡ್ದೇನೋ ಆ ಮೂಲೆಮನೆಯವಳ ಬುದ್ಧಿಯಾ, ಅಂಗಡಿ ಮೊಟ್ಟೆ ಕೊಟ್ಟು ನನ್ ಕಣ್ಣಿಗೆ ಮಣ್ಣೆರಚವ್ಳೆ" ಅಂದ್ರು. ಮಣ್ಣೆರಚಿದವ್ರು ಇಬ್ರೂ ಪಕ್ಕದಲ್ಲೇ ನಿಂತಿದ್ವಿ. ಮೊಟ್ಟೆನ ತಿಪ್ಪೆಗೆ ಎಸೆದ್ರೆ ಪಟಾಕಿ ಥರ ಢಬ್ ಅಂತು, ವಾಸನೆಗೆ ಎಮ್ಮೆ ಕೂಡ ತಲೆ ತಿರುಗಿಸ್ತು. ಎರಡು ವರ್ಷ ಎರಡೂ ಮನೆಗೆ ಮಾತಿಲ್ಲ, ಮೊಸರಿಗೆ ಹೆಪ್ಪು ಕೂಡ ಆ ಕಡೆಯಿಂದ ಈ ಕಡೆಗೆ ಬರ್ಲಿಲ್ಲ. ಅಜ್ಜಿ ಹೋದ್ರು, ಆ ಯಮ್ಮನೂ ಹೋದ್ರು, ನಾವಿಬ್ರೂ ಮದುವೆ ಮನೆಗಳಲ್ಲಿ ಸಿಕ್ಕಾಗೆಲ್ಲ ನೆನೆಸ್ಕೊಂಡು ನಗ್ತೀವಿ, ಯಾರಿಗೂ ಹೇಳಿಲ್ಲ. ಇವತ್ತೇ ಮೊದಲು.

ಇನ್ನು ನಮ್ಮ ಅಪಾರ್ಟ್‌ಮೆಂಟ್ ಮೂರನೇ ಮಹಡಿ ಅಂಕಲ್. ಅವರು ಫಾರಂ ಮೊಟ್ಟೆ ಮಾತ್ರ ತಿನ್ನೋದು, ನಾಟಿ ಮುಟ್ಟಲ್ಲ, ಫಾರಂದ್ರಲ್ಲಿ ಜೀವ ಇಲ್ಲ, ಅದು ವೆಜ್ ಅಂತ ವಾದ. ವಾದ ಹೊಸದೇನಲ್ಲ, 1942ರಲ್ಲಿ ಆಗಾಖಾನ್ ಅರಮನೇಲಿ ಸೆರೆಯಲ್ಲಿದ್ದಾಗ ಗಾಂಧೀಜಿನೇ ಬರೆದಿದ್ರು, ಹಾಲು ಕುಡಿಯೋರು ಮರಿ ಆಗದ ಮೊಟ್ಟೆ ತಿನ್ನೋಕೆ ಅಡ್ಡಿ ಇರಬಾರ್ದು ಅಂತ. ಸರಿ, ತಿನ್ನಲಿ, ಸಂತೋಷ. ಆದ್ರೆ 2021ರ ಡಿಸೆಂಬರಲ್ಲಿ ಬೀದರ್, ರಾಯಚೂರು ಕಡೆ ಸರ್ಕಾರಿ ಶಾಲೆ ಮಕ್ಕಳಿಗೆ ಬಿಸಿಯೂಟದಲ್ಲಿ ಇದೇ ಫಾರಂ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಇದೇ ಅಂಕಲ್ ವಾಟ್ಸಾಪ್ ಗ್ರೂಪಲ್ಲಿ ಸಂಸ್ಕೃತಿ ಹಾಳಾಯ್ತು ಅಂತ ಮೂರು ದಿನ ಕೂಗಾಡಿದ್ರು. ಅವರ ತಟ್ಟೇಲಿದ್ರೆ ವೆಜ್, ಬಡವರ ಮಕ್ಕಳ ತಟ್ಟೆಗೆ ಬಂದ್ರೆ ಅದೇ ಮೊಟ್ಟೆಗೆ ರೆಕ್ಕೆ ಪುಕ್ಕ ಬರತ್ತೆ. ನೋಡಿ, ಅಂಗಡಿ ಮೊಟ್ಟೇಲಿ ಮರಿ ಆಗತ್ತೆ ಅನ್ನೋಕೆ ನಂಗೆ ಸಿಕ್ಕಿರೋ ಸಾಕ್ಷಿ ಇದೊಂದೇ.

ಗುಂಡನ ವಿಷಯಕ್ಕೆ ಬರೋಣ. ಏಳನೇ ದಿನ ರಾತ್ರಿ ಲೈಟೆಲ್ಲಾ ಆರಿಸಿ ಮೊಬೈಲ್ ಟಾರ್ಚ್ ಹಿಡಿದು ತೋರಿಸಿದೆ. ಮರಿ ಆಗೋದಿದ್ರೆ ಇಷ್ಟೊತ್ತಿಗೆ ಕೆಂಪು ನರ ಜೇಡರಬಲೆ ಥರ ಕಾಣ್ಬೇಕು, ಇದ್ರಲ್ಲಿ ಮಂಕಾಗಿ ಹಳದಿ ನೆರಳೊಂದು ಓಡಾಡ್ತು ಅಷ್ಟೆ. "ಮಲಗಿದಾನೆ, ಲೈಟ್ ಆಫ್ ಮಾಡಿ" ಅಂದ್ಲು. ಇಪ್ಪತ್ತೊಂದು ದಿನ ಲೆಕ್ಕ ಹಾಕಿದ್ರೆ ಸರಿಯಾಗಿ ನಮ್ಮತ್ತೆ ಮಾವ ಊರಿಂದ ಬರೋ ದಿನ. ತಿಪ್ಪೆಯ ಆ ಢಬ್ ನೆನಪಾಯ್ತು. ಮನೆ ಹಾಲ್‌ನಲ್ಲಿ ಆದ್ರೆ ಗತಿ?

ಅದಕ್ಕೇ ನಿನ್ನೆ ರಾತ್ರಿ ಅವಳು ಮಲಗಿದ್ಮೇಲೆ ಗುಂಡನ್ನ ತೆಗೆದು, ಹೊಸ ಮೊಟ್ಟೆಗೆ ಪೆನ್ಸಿಲಲ್ಲಿ "ಗುಡಂ" ಅಂತಾನೇ, ಸೊನ್ನೆ ತಪ್ಪಾಗಿರೋ ಹಾಗೇ ಎಚ್ಚರಿಕೆಯಿಂದ ಬರೆದೆ. ಅಕ್ಷರ ಕೂಡ ಅವಳ ಥರಾನೇ ವಾಲಿಸಿ ಬರೆದಿದ್ದೆ. ಇವತ್ತು ಬೆಳಿಗ್ಗೆ ಬೇಗ ಎಚ್ಚರ ಆಗಿ, ಕುಲಾವೀಲಿ ಇಡೋದೇ ಮರೆತಿದ್ದೆ ಅಂತ ನೆನಪಾಗಿ, ಓಡಿ ಹೋಗಿ ಫ್ರಿಜ್ಜಿಂದ ತೆಗೆದು ಇಟ್ಟು ಬಂದು ಏನೂ ಗೊತ್ತಿಲ್ಲದವನ ಹಾಗೆ ಪೇಪರ್ ಹಿಡ್ಕೊಂಡು ಕೂತೆ. ಕಣ್ಣುಜ್ಜಿಕೊಂಡು ಬಂದವಳು ಕುಲಾವಿಯೊಳಗೆ ಕೈ ಹಾಕಿದ್ಲು, ಹಾಗೇ ನಿಂತ್ಲು.

"ಪಪ್ಪಾ, ಇವನು ಯಾಕೆ ತಣ್ಣಗಿದಾನೆ?"