ಅಂಟುಪಟ್ಟಿ ಕಿತ್ತರೆ ಅಮೂರ್ತ ಸಿದ್ಧ

ಜ್ಯಾಮಿತೀಯ ಅಮೂರ್ತ ಚಿತ್ರಕಲೆಯನ್ನು ಒಂದೇ ಮಧ್ಯಾಹ್ನದಲ್ಲಿ ಕಲಿಸಿ ಮುಗಿಸುವ ತರಗತಿಗಳು ಈಗ ಧಾರಾಳವಾಗಿವೆ. ಪೂರ್ವಾನುಭವ ಬೇಕಿಲ್ಲ, ಚಿತ್ರ ಬಿಡಿಸಲು ಬಾರದಿದ್ದರೆ ಇನ್ನೂ ಒಳ್ಳೆಯದು. ಕ್ಯಾನ್ವಾಸಿನ ಮೇಲೆ ಅಡ್ಡಡ್ಡ ಉದ್ದುದ್ದ ಅಂಟುಪಟ್ಟಿ ಹಚ್ಚಬೇಕು, ನಡುವೆ ಉಳಿದ ಮನೆಗಳಿಗೆ ಕೆಂಪು, ಹಳದಿ, ನೀಲಿ ತುಂಬಬೇಕು, ಒಣಗಿದ ಮೇಲೆ ಪಟ್ಟಿ ಕೀಳಬೇಕು. ಅಷ್ಟಾದರೆ, ಇಂಥ ಚಿತ್ರಗಳಿಗೇ ಹೆಸರಾದ ಡಚ್ ಚಿತ್ರಕಾರ ಮಾಂಡ್ರಿಯಾನನ ಪಕ್ಕದಲ್ಲಿ ಒಂದು ಕುರ್ಚಿ ಖಾತ್ರಿ. ಪ್ರಮಾಣಪತ್ರವಂತೂ ಮೊದಲೇ ಮುದ್ರಣವಾಗಿ ಬಂದಿರುತ್ತದೆ. ಇಡೀ ತರಗತಿಯಲ್ಲಿ ನಿಜವಾಗಿಯೂ ನೇರವಾದ ಗೆರೆಗಳಿರುವುದು ಅದರ ಅಂಚಿನಲ್ಲಿ ಮಾತ್ರ.

ಬಣ್ಣ ಒಣಗಲು ಸಮಯ ಬೇಕಲ್ಲ, ಆ ಬಿಡುವಿನಲ್ಲಿ ಸಿದ್ಧಾಂತದ ಪಾಠ. ಪ್ರತಿಯೊಂದು ಗೆರೆಯೂ ತನ್ನ ಅನಿವಾರ್ಯ ಸ್ಥಾನದಲ್ಲಿದೆ, ಒಂದು ಕೂದಲೆಳೆಯಷ್ಟು ಸರಿಸಿದರೂ ವಿಶ್ವದ ಸಮತೋಲನ ಕೆಡುತ್ತದೆ ಎಂದು ಬೋಧಕರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಚಿತ್ರಕಲೆ ಕಲಿಸುವ ಈ ವಿಧಾನದ ಬಗ್ಗೆ ನನಗೆ ಅಪಾರ ಗೌರವವಿದೆ.

ಆ ಅನಿವಾರ್ಯ ಸ್ಥಾನದ ಕಥೆಯನ್ನು ಸ್ವಲ್ಪ ನೋಡೋಣ. ಮಾಂಡ್ರಿಯಾನ್ 1941ರಲ್ಲಿ ಬಣ್ಣದ ಅಂಟುಪಟ್ಟಿಗಳಿಂದ ‘ನ್ಯೂಯಾರ್ಕ್ ಸಿಟಿ 1’ ಎಂಬ ಕೃತಿಯನ್ನು ಹೆಣೆದ. ಜರ್ಮನಿಯ ಡುಸೆಲ್‌ಡಾರ್ಫಿನ ವಸ್ತುಸಂಗ್ರಹಾಲಯದಲ್ಲಿ ಅದು 1980ರಿಂದ ತೂಗುತ್ತಿತ್ತು. ತಜ್ಞರು ಅದರ ಮುಂದೆ ನಿಂತು ತಲೆದೂಗಿದರು, ಸಮತೋಲನವನ್ನು ಕೊಂಡಾಡಿದರು. 2022ರಲ್ಲಿ ಅಲ್ಲಿನ ಕ್ಯುರೇಟರ್ ಒಬ್ಬರು, ಚಿತ್ರ ತಲೆಕೆಳಗಾಗಿರುವಂತಿದೆ ಎಂದರು. ಕಲಾವಿದ ತೀರಿಕೊಂಡ ಕೆಲವೇ ತಿಂಗಳಲ್ಲಿ ಅವನ ಸ್ಟುಡಿಯೋದಲ್ಲಿ ತೆಗೆದ ಛಾಯಾಚಿತ್ರದಲ್ಲಿ ಒತ್ತೊತ್ತಾದ ಗೆರೆಗಳು ಮೇಲಿದ್ದವು. ಗೋಡೆಯ ಮೇಲೆ ಅವು ಕೆಳಗಿದ್ದವು. ಸರಿ, ತಿರುಗಿಸಿ ಹಾಕಬಹುದಲ್ಲ? ಸಾಧ್ಯವಿಲ್ಲ. ಪಟ್ಟಿಗಳ ಅಂಟು ಹಳತಾಗಿದೆ, ತಿರುಗಿಸಿದರೆ ಕಳಚಿ ಬೀಳುವ ಭಯ. ಹಾಗಾಗಿ ಅನಿವಾರ್ಯ ಸ್ಥಾನವೆಂದರೇನು ಎಂಬುದನ್ನು ಕಡೆಗೂ ತೀರ್ಮಾನಿಸಿದ್ದು ಗೋಂದು.

ಅಂಟುಪಟ್ಟಿಯ ವಿಷಯದಲ್ಲಿ ಇನ್ನೊಂದು ಮಾತಿದೆ, ಅದನ್ನು ತರಗತಿಯಲ್ಲಿ ಹೇಳುವುದಿಲ್ಲ. ಮಾಂಡ್ರಿಯಾನನಿಗೆ ಪಟ್ಟಿ ಬೇಕಾಗಿದ್ದದ್ದು ಕೆಲಸ ಬೇಗ ಮುಗಿಯಲೆಂದಲ್ಲ. ಹಚ್ಚಿ, ದೂರ ನಿಂತು ನೋಡಿ, ಕಿತ್ತು, ಸರಿಸಿ, ಮತ್ತೆ ಹಚ್ಚಲು. ಕೊನೆಯ ಕೃತಿ ‘ವಿಕ್ಟರಿ ಬೂಗಿ ವೂಗಿ’ಯ ಮೇಲೆ ಅವನು ಕಾಗದದ ಚೂರು, ಪಟ್ಟಿಗಳನ್ನು ಸರಿಸುತ್ತಲೇ ಇದ್ದ, 1944ರ ಫೆಬ್ರವರಿಯಲ್ಲಿ ಸಾಯುವಾಗಲೂ ಅದು ಮುಗಿದಿರಲಿಲ್ಲ. ನಮ್ಮ ತರಗತಿಯಲ್ಲಿ ಮುಗಿಸದವನಿಗೆ ಪ್ರಮಾಣಪತ್ರವಿಲ್ಲ. ಹಚ್ಚಿದ ಪಟ್ಟಿಯನ್ನು ಸರಿಸಿದರೆ ಬೋಧಕರು ಬಂದು, ‘ಅನುಮಾನ ಬೇಡ, ಒಳಮನಸ್ಸನ್ನು ನಂಬಿ, ಮುಂದಿನ ತಂಡ ಹೊರಗೆ ಕಾಯುತ್ತಿದೆ’ ಎನ್ನುತ್ತಾರೆ.

ಓರೆ ಗೆರೆ ಎಳೆಯಬಹುದೇ ಎಂದು ಯಾರಾದರೂ ಕೇಳಿದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಈ ಓರೆ ಗೆರೆಯ ವಿಷಯಕ್ಕೇ 1920ರ ದಶಕದಲ್ಲಿ ಮಾಂಡ್ರಿಯಾನನಿಗೂ ಗೆಳೆಯನಾಗಿದ್ದ ಚಿತ್ರಕಾರ ಥಿಯೋ ವಾನ್ ಡೂಸ್‌ಬರ್ಗನಿಗೂ ಮನಸ್ಸು ಮುರಿದಿತ್ತು. ತರಗತಿಯಲ್ಲಿ ಅಂಥ ಜಗಳಕ್ಕೆ ಆಸ್ಪದವಿಲ್ಲ. ಬಣ್ಣದ ಪೆಟ್ಟಿಗೆಯ ಜೊತೆ ಕೊಟ್ಟ ಮಾದರಿ ಹಾಳೆಯಲ್ಲಿ ಓರೆ ಗೆರೆ ಇಲ್ಲ, ಆದ್ದರಿಂದ ಇಲ್ಲ.

ಪರೀಕ್ಷೆಯಿರುವ ಕಡೆಗಳಲ್ಲಿ ಇದಕ್ಕಿಂತ ಮಜವಿದೆ. ಸ್ವಂತಿಕೆಗೆ ಇಷ್ಟು ಅಂಕ, ಭಾವಾಭಿವ್ಯಕ್ತಿಗೆ ಇಷ್ಟು, ಅಚ್ಚುಕಟ್ಟಿಗೆ ಇಷ್ಟು ಎಂದು ಕೋಷ್ಟಕ ಇರುತ್ತದೆ. ಮೌಲ್ಯಮಾಪಕರ ಕೈಯಲ್ಲಿ ಸ್ವಂತಿಕೆಯ ಮಾದರಿ ಉತ್ತರವೂ ಇರುತ್ತದೆ. ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ. ಇದು ಎಲ್ಲಿಂದ ಬಂತು? 1923ರಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಮೇಷ್ಟರಾಗಿದ್ದ ಚಿತ್ರಕಾರ ಕ್ಯಾಂಡಿನ್‌ಸ್ಕಿ ಒಂದು ಪ್ರಶ್ನಾವಳಿ ಹಂಚಿದ: ಈ ಮೂರು ಆಕಾರಗಳಿಗೆ ಮೂರು ಬಣ್ಣಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ, ಏಕೆ? ಬಹುಪಾಲು ಮಂದಿಯ ಉತ್ತರ ಮೇಷ್ಟರ ಮನಸ್ಸಿನಲ್ಲಿದ್ದ ಉತ್ತರವೇ ಆಗಿತ್ತು. ಶಿಷ್ಯರಿಗೆ ಉತ್ತರ ಹೇಗೆ ಹೊಳೆಯುತ್ತದೆ ಎಂಬುದು ಯಾವುದೇ ಮೇಷ್ಟರಿಗೆ ಗೊತ್ತಿರುವ ಸಂಗತಿ, ಬಿಡಿ. ಅವನು ಕೇಳಿದ ಪ್ರಶ್ನೆ ಈಗ ಕೀಲಿ ಉತ್ತರವಾಗಿದೆ. ‘ಏಕೆ’ ಎಂಬ ಭಾಗ ಮಾತ್ರ ಪಠ್ಯದಿಂದ ಹೊರಗೆ.

ರಷ್ಯದ ಅಮೂರ್ತ ಚಿತ್ರಕಾರ ಮಾಲೆವಿಚ್ ಇಂಥ ಪರೀಕ್ಷೆಗೆ ಕುಳಿತಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. 1915ರಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನದಲ್ಲಿ ಅವನು ‘ಕಪ್ಪು ಚೌಕ’ವನ್ನು ತೂಗುಹಾಕಿದ್ದು ಗೋಡೆಗಳೆರಡು ಸೇರುವ ಮೇಲಿನ ಮೂಲೆಯಲ್ಲಿ, ರಷ್ಯನ್ ಮನೆಗಳಲ್ಲಿ ದೇವರ ಪಟ ಇಡುವ ಜಾಗದಲ್ಲಿ. ಚೌಕದ ಬದಿಗಳು ಸರಿಯಾಗಿ ನೇರವಿಲ್ಲ: ಅಚ್ಚುಕಟ್ಟಿಗೆ ಸೊನ್ನೆ. ಬಣ್ಣ ಬಿರುಕು ಬಿಟ್ಟಿದೆ: ಸಾಮಗ್ರಿ ಬಳಕೆಗೆ ಸೊನ್ನೆ. 2015ರಲ್ಲಿ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯವರು ಪರೀಕ್ಷಿಸಿದಾಗ ಕಪ್ಪಿನಡಿಯಲ್ಲಿ ಎರಡು ಬಣ್ಣದ ಚಿತ್ರಗಳಿರುವುದು ತಿಳಿಯಿತು: ಉತ್ತರ ಪತ್ರಿಕೆಯಲ್ಲಿ ಹೊಡೆದುಹಾಕಿ ಬರೆದದ್ದಕ್ಕೆ ಅಂಕ ಕಡಿತ. ಮರುಪರೀಕ್ಷೆ ಖಂಡಿತ.

ಆದರೆ ಮಾತಿನಲ್ಲಿ ಗೆದ್ದುಬಿಡಬಹುದು. ಈಗಿನ ಕಲಾ ತರಗತಿಯ ಮುಖ್ಯ ವಿಷಯವೇ ಚಿತ್ರದ ಪಕ್ಕದ ಚೀಟಿಗೆ ಹೇಳಿಕೆ ಬರೆಯುವುದು. ‘ಈ ನೀಲಿ ಆಯತ ನನ್ನ ಅಸ್ಮಿತೆಯ ಅಂಚುಗಳನ್ನು ಪ್ರಶ್ನಿಸುತ್ತದೆ’ ಎಂದು ಬರೆದರೆ ಸಾಕು. ಆಯತವನ್ನು ಯಾರೂ ನೋಡುವುದಿಲ್ಲ, ಎಲ್ಲರೂ ಚೀಟಿ ಓದುತ್ತಾರೆ. ಪ್ರದರ್ಶನದ ದಿನ ನೋಡಿ: ಜನ ಚೀಟಿಯ ಹತ್ತಿರ ಬಗ್ಗಿ ನಿಲ್ಲುತ್ತಾರೆ, ಚಿತ್ರಕ್ಕೆ ಬೆನ್ನು ಕೊಟ್ಟು ತಮ್ಮ ಫೋಟೋ ತೆಗೆದುಕೊಳ್ಳುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ, ಯೋಸೆಫ್ ಆಲ್ಬರ್ಸ್ ಎಂಬ ಚಿತ್ರಕಾರ ಮೇಷ್ಟರು ಪಾಠಕ್ಕೆ ಬಣ್ಣದ ಕಾಗದದ ಚೂರುಗಳನ್ನು ತರಿಸುತ್ತಿದ್ದ. ಒಂದೇ ಬೂದು ಚೂರನ್ನು ಬೇರೆ ಬೇರೆ ಬಣ್ಣಗಳ ಮೇಲಿಟ್ಟು, ಅದು ಎರಡು ಬೂದುಗಳಾಗಿ ಕಾಣುವಂತೆ ಮಾಡಿ ಎನ್ನುತ್ತಿದ್ದ. ಹೇಳಿಕೆ ಬೇಡ, ಕಣ್ಣಿಗೆ ಮೋಸವಾದರೆ ಪಾಠ ಆಯಿತು. ತಾನು ಮಾತ್ರ 1950ರಿಂದ 1976ರಲ್ಲಿ ಸಾಯುವತನಕ ಚೌಕದೊಳಗೆ ಚೌಕ ಬರೆದ, ಸಾವಿರಕ್ಕೂ ಹೆಚ್ಚು. ಇಂಥವನನ್ನು ಈಗ ಯಾವ ತರಗತಿಯೂ ನೇಮಿಸಿಕೊಳ್ಳಲಾರದು. ಒಂದೇ ಆಕಾರಕ್ಕೆ ಇಪ್ಪತ್ತಾರು ವರ್ಷವೆಂದರೆ ವೇಳಾಪಟ್ಟಿ ಏನಾಗಬೇಕು?

ಒಂದು ಅಭ್ಯಾಸವನ್ನು ಮಾತ್ರ ನಮ್ಮ ತರಗತಿ ಅವನಿಂದ ಎರವಲು ಪಡೆದಂತಿದೆ. ಯಾವ ಕಂಪನಿಯ ಯಾವ ಬಣ್ಣ ಬಳಸಿದೆನೆಂದು ಆಲ್ಬರ್ಸ್ ಚಿತ್ರದ ಹಿಂಬದಿಯಲ್ಲಿ ಬರೆದಿಡುತ್ತಿದ್ದ. ಇಲ್ಲಿಯೂ ಹಿಂಬದಿಯಲ್ಲಿ ಬರೆಯಬೇಕು: ವಿದ್ಯಾರ್ಥಿಯ ಹೆಸರು, ತಂಡದ ಸಂಖ್ಯೆ, ಮತ್ತು ಬಾಣದ ಗುರುತಿನೊಂದಿಗೆ ‘ಮೇಲ್ಭಾಗ’. ಬಾಣ ಹಾಕದಿದ್ದರೆ ಎರಡು ಅಂಕ ಕಡಿತ.