ರೈಲು ಕೇಂದ್ರದ್ದು, ಬಸ್ಸು ರಾಜ್ಯದ್ದು, ಕಾಯುವುದು ಮಾತ್ರ ನಮ್ಮದು

ಜರ್ಮನಿಯಲ್ಲಿರುವ ಕನ್ನಡಿಗರು ಊರಿಗೆ ಫೋನ್ ಮಾಡಿದಾಗ ಹೊಗಳುವುದು ಸಾಮಾನ್ಯವಾಗಿ ಇಲ್ಲಿನ ಅತಿವೇಗದ ರೈಲುಗಳನ್ನು. ನನ್ನ ಮೆಚ್ಚುಗೆ ಬೇರೆ ಕಡೆಗಿದೆ. ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸ್ವೆಗ್ ಎಂಬ ಸಾರಿಗೆ ಸಂಸ್ಥೆಯಿದೆ. ಅದರ ಷೇರುಗಳು ಬಹುಪಾಲು ರಾಜ್ಯ ಸರ್ಕಾರದ ಕೈಯಲ್ಲಿವೆ. ಅದು ರೈಲನ್ನೂ ಓಡಿಸುತ್ತದೆ, ಬಸ್ಸನ್ನೂ ಓಡಿಸುತ್ತದೆ. ಕೆಲವು ಕವಲು ಮಾರ್ಗಗಳಲ್ಲಿ ಹಳಿಯೂ ಅದರದ್ದೇ. ಆಖೆರ್ನ್ ಪಟ್ಟಣದಿಂದ ಕಣಿವೆಯ ತುದಿಯ ಒಟೆನ್‌ಹ್ಯೋಫೆನ್‌ಗೆ ಹೋಗುವ 1898ರ ಮಾರ್ಗ ಅಂಥದ್ದು. ಉದ್ದ ಹತ್ತು ಕಿಲೋಮೀಟರಿನಷ್ಟು. ತುದಿಯ ಊರಿನ ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಲಾಭದ ಲೆಕ್ಕ ಹಾಕುವವರು ಎಂದೋ ಕಿತ್ತುಹಾಕಬಹುದಾಗಿದ್ದ ಹಳಿಯ ಮೇಲೆ 2024ರಿಂದ ಬ್ಯಾಟರಿ ರೈಲು ಓಡುತ್ತಿದೆ.

ಇಂಥ ಪುಟ್ಟ ನಿಲ್ದಾಣದಲ್ಲಿ ರೈಲು ಬಂದು ನಿಂತಾಗ ನೋಡಬೇಕು. ಪ್ಲಾಟ್‌ಫಾರ್ಮ್ ದಾಟಿ ಹತ್ತು ಹೆಜ್ಜೆ ಹಾಕಿದರೆ ಬಸ್ ಬಾಗಿಲು ತೆರೆದು ನಿಂತಿರುತ್ತದೆ. ರೈಲಿನ ಟಿಕೆಟ್ಟೇ ಬಸ್ಸಿಗೂ ನಡೆಯುತ್ತದೆ. ಕಂಡಕ್ಟರ್ ಇಲ್ಲ, ಚಿಲ್ಲರೆಯ ಜಗಳವಿಲ್ಲ. ಶಾಲೆ ಬಿಟ್ಟ ಮಕ್ಕಳು, ಊರುಗೋಲು ಹಿಡಿದ ಅಜ್ಜಿ, ಬೆಟ್ಟ ಹತ್ತಲು ಹೊರಟವರು ಎಲ್ಲರೂ ಹತ್ತಿದ ಮೇಲೆಯೇ ಚಾಲಕ ಬಾಗಿಲು ಮುಚ್ಚುತ್ತಾನೆ. ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆಂದು ಹೇಳಿದರೆ ಇಲ್ಲಿನವರೇ ನಕ್ಕಾರು. ಚಾಲಕರ ಕೊರತೆಯಿಂದ ರೈಲು ರದ್ದಾಗುವುದು ಈಗ ಜರ್ಮನಿಯಲ್ಲಿ ಹೊಸ ಸುದ್ದಿಯಲ್ಲ. ಆದರೆ ರೈಲಿಗೆ ಬಸ್ಸು ಸಿಗದಿದ್ದರೆ ಅದು ತಪ್ಪು, ಆ ತಪ್ಪಿಗೆ ಯಾರಾದರೊಬ್ಬರು ಉತ್ತರ ಕೊಡಬೇಕು ಎಂಬ ತಿಳಿವಳಿಕೆಯಂತೂ ಇದೆ.

ಈ ಸಂಸ್ಥೆ ಹುಟ್ಟಿದ್ದೇ ನಷ್ಟದಿಂದ. ಒಂದು ಖಾಸಗಿ ಕಂಪನಿ ನಡೆಸುತ್ತಿದ್ದ ಕಣಿವೆ ರೈಲುಗಳನ್ನು 1963ರಲ್ಲಿ ರಾಜ್ಯ ಸರ್ಕಾರ ಇದರ ಮೂಲಕ ವಹಿಸಿಕೊಂಡಿತು. 1971ರಲ್ಲಿ ಪಕ್ಕದ ಮೀಟರ್‌ಗೇಜ್ ಕಂಪನಿಯೊಂದೂ ಇದರೊಳಗೆ ಸೇರಿತು. ಅದರ ಹಳಿಗಳನ್ನು ಕಿತ್ತುಹಾಕಿದ ಕಡೆ ಬಸ್ಸು ಬಂದಿತ್ತು. ಆಮೇಲೆ 1996ರಲ್ಲಿ ದೊಡ್ಡ ಬದಲಾವಣೆಯಾಯಿತು. ಸ್ಥಳೀಯ ಪ್ರಯಾಣಿಕ ರೈಲುಗಳ ಹೊಣೆಯನ್ನು ಕೇಂದ್ರವು ಹಣದ ಸಮೇತ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಯಾವ ಮಾರ್ಗದಲ್ಲಿ ದಿನಕ್ಕೆ ಎಷ್ಟು ರೈಲು, ಎಷ್ಟು ಹೊತ್ತಿಗೆ ಎಂದು ಈಗ ತೀರ್ಮಾನಿಸುವುದು ರಾಜ್ಯ. ಓಡಿಸುವ ಗುತ್ತಿಗೆಗೆ ಟೆಂಡರ್ ಕರೆಯುತ್ತಾರೆ. ಸರ್ಕಾರದ್ದೇ ಸಂಸ್ಥೆಯಾದರೂ ಸ್ವೆಗ್ ಸಾಲಿನಲ್ಲಿ ನಿಲ್ಲಬೇಕು, ಸೋಲಲೂಬಹುದು.

ನಮ್ಮಲ್ಲಿ? ಸಂವಿಧಾನದ ಪ್ರಕಾರ ರೈಲು ಕೇಂದ್ರದ ಪಟ್ಟಿಯಲ್ಲಿದೆ, ಕೆಂಪು ಬಸ್ಸು ರಾಜ್ಯದ ಕೈಯಲ್ಲಿದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ರೈಲ್ವೆ ಇತ್ತೆಂಬುದು ಇಂದಿನವರಿಗೆ ಅಷ್ಟಾಗಿ ನೆನಪಿಲ್ಲ. ಮೈಸೂರು ಸರ್ಕಾರ 1948ರಲ್ಲಿ ರಸ್ತೆ ಸಾರಿಗೆ ಇಲಾಖೆ ತೆರೆದು ಬಸ್ಸುಗಳನ್ನೂ ಇಳಿಸಿತು. ರೈಲು, ಬಸ್ಸು ಎರಡೂ ಒಂದೇ ಸರ್ಕಾರದ ಬಳಿ ಇದ್ದದ್ದು ಒಂದೆರಡು ವರ್ಷ ಮಾತ್ರ. 1951ರ ಏಪ್ರಿಲ್‌ನಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಕರಗಿಹೋಯಿತು. ಇನ್ನು ಬಸ್ಸಿನ ಕಡೆ, ಒಂದಾಗಿದ್ದ ನಿಗಮವನ್ನು 1997 ಮತ್ತು 2000ದ ನಡುವೆ ಒಡೆದು ನಾಲ್ಕು ಮಾಡಿಕೊಂಡೆವು. ಇಲ್ಲಿ ಸ್ವೆಗ್ 2018ರಲ್ಲಿ ಸರ್ಕಾರದ್ದೇ ಇನ್ನೊಂದು ರೈಲು-ಬಸ್ ಕಂಪನಿಯೊಂದಿಗೆ ಒಂದಾಯಿತು.

ನನ್ನ ತಕರಾರು ಒಡೆದದ್ದರ ಬಗ್ಗೆಯಲ್ಲ. ಕರ್ನಾಟಕ ರೈಲಿಗೆ ದುಡ್ಡು ಹಾಕುತ್ತಲೇ ಬಂದಿದೆ. ಕೊಂಕಣ ರೈಲ್ವೆಯಲ್ಲಿ ರಾಜ್ಯದ ಪಾಲಿದೆ, ಬೆಂಗಳೂರಿನ ಉಪನಗರ ರೈಲಿನ ಹೊಣೆ ಹೊತ್ತ ಕೆ-ರೈಡ್ ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿ, ಎಷ್ಟೋ ಹೊಸ ಮಾರ್ಗಗಳಿಗೆ ಅರ್ಧ ಖರ್ಚು ರಾಜ್ಯದ್ದು. ಇಷ್ಟು ಕೊಟ್ಟವರು ವೇಳಾಪಟ್ಟಿಯ ಮಾತು ಬಂದಾಗ ಮಾತ್ರ ಮನವಿಪತ್ರ ಹಿಡಿದು ನಿಲ್ಲುತ್ತಾರೆ. ಮೈಸೂರಿನಲ್ಲಿ ರೈಲು ನಿಲ್ದಾಣ ಒಂದು ಕಡೆ, ಸಬರ್ಬನ್ ಬಸ್ ನಿಲ್ದಾಣ ಇನ್ನೊಂದು ಕಡೆ. ರೈಲು ಎಷ್ಟು ಹೊತ್ತಿಗೆ ಬರುತ್ತದೆಂಬುದು ಆಟೊದವರಿಗೆ ಬಾಯಿಪಾಠ. ಡಿಪೊದವರಿಗೆ ಅದು ಸಂಬಂಧವಿಲ್ಲದ ವಿಷಯ.

ಹಾಗೆಂದು ಇಲ್ಲಿನದೆಲ್ಲ ಮೇಲು ಎನ್ನಲಾರೆ. ನಮ್ಮ ಹಾಲ್ಟಿಂಗ್ ಬಸ್ಸಿಗೆ, ಉತ್ತರ ಕರ್ನಾಟಕದವರ ವಸ್ತಿ ಬಸ್ಸಿಗೆ ಸಾಟಿಯಾದದ್ದನ್ನು ನಾನು ಜರ್ಮನಿಯಲ್ಲಿ ಕಂಡಿಲ್ಲ. ರಾತ್ರಿ ಕೊನೆಯ ಪ್ರಯಾಣಿಕನನ್ನು ಇಳಿಸಿ ಬಸ್ಸು ಹಳ್ಳಿಯಲ್ಲೇ ತಂಗುತ್ತದೆ. ಚಾಲಕ, ಕಂಡಕ್ಟರ್ ಅಲ್ಲೇ ಮಲಗಿ ಬೆಳಗಿನ ಜಾವ ಕಾಲೇಜಿನ ಮಕ್ಕಳನ್ನು, ಆಸ್ಪತ್ರೆಗೆ ಹೊರಟವರನ್ನು ಹತ್ತಿಸಿಕೊಂಡು ಪಟ್ಟಣಕ್ಕೆ ಮರಳುತ್ತಾರೆ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಭಾನುವಾರ ಬಸ್ಸೇ ಇರುವುದಿಲ್ಲ. ಬೇಕಿದ್ದರೆ ಮುಂಚೆಯೇ ಫೋನ್ ಮಾಡಿ ಕರೆಸಿಕೊಳ್ಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆಯಿಲ್ಲದೆ ಹೊರಟ ಹೆಂಗಸರ ಮುಂದೆ, ತಿಂಗಳಿಗೆ 49 ಯೂರೊ ಇದ್ದದ್ದು 58ಕ್ಕೆ, ಆಮೇಲೆ 63ಕ್ಕೆ ಏರಿದ, ದೇಶದ ಸ್ಥಳೀಯ ರೈಲು-ಬಸ್ಸುಗಳಿಗೆಲ್ಲ ನಡೆಯುವ ಜರ್ಮನ್ ಪಾಸಿನ ಬಡಾಯಿ ಕೊಚ್ಚಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಸಂವಿಧಾನ ತಿದ್ದುವವರೆಗೆ ಕಾಯಬೇಕಿಲ್ಲ. ಶಿವಮೊಗ್ಗದಿಂದ ಹೊರಟ ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ, ಒಟೆನ್‌ಹ್ಯೋಫೆನ್‌ನಂತೆಯೇ. ಅಲ್ಲಿಂದ ಮುಂದೆ ಜೋಗ. ರೈಲ್ವೆಯ ಮೈಸೂರು ವಿಭಾಗ, ಸಾರಿಗೆ ನಿಗಮದ ಶಿವಮೊಗ್ಗ ವಿಭಾಗ ಎರಡೂ ಒಂದು ಪುಟದ ಒಪ್ಪಂದ ಮಾಡಿಕೊಳ್ಳಲಿ: ಪ್ರತಿ ರೈಲಿಗೂ ಒಂದು ಬಸ್ಸು, ರೈಲು ಅರ್ಧ ಗಂಟೆ ತಡವಾದರೂ ಹೊರಡದೆ ಕಾಯುವ ಬಸ್ಸು, ಎರಡಕ್ಕೂ ಒಂದೇ ಟಿಕೆಟ್. ಟಿಕೆಟ್ಟಿನ ಹಣ ಹಂಚಿಕೊಳ್ಳುವ ಲೆಕ್ಕ ಕಷ್ಟವೆಂದು ಯಾರಾದರೂ ಹೇಳಿದರೆ, ಮೊದಲ ವರ್ಷ ಟಿಕೆಟ್ ಬೇರೆಬೇರೆಯೇ ಇರಲಿ. ಬಸ್ಸು ಕಾದರೆ ಸಾಕು.